ಅಂಕಿಯಿಲ್ಲದ ಬಟನ್ನು

ಭಾನುವಾರ, ಮಾರ್ಚ್ ೧೪
ಬೆಳಗಿನ ಹನ್ನೊಂದು ಗಂಟೆ

ನನ್ನ ಲಿಫ್ಟಪ್ಪನಿಗೆ,

ಇಲ್ಲಿ ನಾನು ಕ್ಷೇಮ ಎಂದು ಬರೆಯಲು ಹೋಗಿ ಒಂದು ಗಳಿಗೆ ಪೆನ್ನು ಎತ್ತಿ ಹಿಡಿದೆ. ಹೊಟ್ಟೆಗೆ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ಹಲ್ಲು ಕಟ್ಟುವ ಲ್ಯಾಬಿಗೆ ಒಂದು ದಿನವೂ ತಪ್ಪಿಸಿಲ್ಲ. ಅಷ್ಟಕ್ಕೇ ಕ್ಷೇಮ ಎನ್ನಬಹುದಾದರೆ ಕ್ಷೇಮವೇ. ನಿನ್ನ ಕೆಮ್ಮು ಹೇಗಿದೆ? ಒಂಬತ್ತು ಮಹಡಿಯ ಆಸ್ಪತ್ರೆಯ ಲಿಫ್ಟಿನ ಬಾವಿಯಲ್ಲಿ ದಿನವಿಡೀ ಧೂಳು ಕುಡಿಯುವವನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಕೇಳುವ ಹಕ್ಕು ನನಗಿದೆ. ಅದು ಮನೆಗೆಲಸದ ಪಟ್ಟಿಯಲ್ಲಿಲ್ಲ, ಆದ್ದರಿಂದ ಕೇಳಬಹುದು.

ಗುರುವಾರ ಸಂಜೆ ನಿನ್ನ ಕಾಗದ ಬಂತು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನಾನು ಆಕ್ಷೇಪಿಸುವುದಿಲ್ಲ. ನಮ್ಮ ಫೋನಿನ ಮಾತು ನನಗೂ ಗೊತ್ತು: ಊಟ ಆಯ್ತಾ, ಆಯ್ತು, ನಿಂದು, ಆಯ್ತು, ಸರಿ ಇಡ್ಲಾ. ನಿನ್ನ ಕಾಗದವನ್ನು ನಿಂತುಕೊಂಡು ಒಮ್ಮೆ, ಕೂತುಕೊಂಡು ಎರಡು ಸಲ ಓದಿದೆ. ಕಂಪನಿಯವರು ಇನ್ನೂ ಎರಡು ವರ್ಷ ಅಲ್ಲೇ ಇರು ಎನ್ನುತ್ತಿದ್ದಾರೆ, ನಾನು ಒಲ್ಲೆ ಎಂದುಬಿಡುತ್ತೇನೆ, ಈ ತಿಂಗಳ ಇಪ್ಪತ್ತೆಂಟಕ್ಕೆ ಮನೆಗೆ ಬರುತ್ತೇನೆ ಎಂದು ಬರೆದಿದ್ದೀಯ. ಅದನ್ನು ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕುಬಿಟ್ಟೆ. ಆಮೇಲೆ ಅದಕ್ಕೆ ನೀನು ಕೊಟ್ಟ ಕಾರಣ ಓದಿದೆ.

ಎಂಟು ತಿಂಗಳಿಂದ ನೀನು ವಾರಕ್ಕೆ ಆರೇ ಕೆಲಸ ಮಾಡುತ್ತಿದ್ದೆಯಂತೆ. ಮನೆಗೆಲಸದ ಪಟ್ಟಿಯ ಹದಿನೆಂಟರಲ್ಲಿ ಆರು. ಉಳಿದ ಹನ್ನೆರಡನ್ನೂ ನಾನು ತುಟಿ ಪಿಟಕ್ಕೆನ್ನದೆ ಮಾಡುತ್ತಿದ್ದೆನಂತೆ. ಒಮ್ಮೆಯೂ ಮುಖ ಗಂಟು ಹಾಕಿಕೊಳ್ಳಲಿಲ್ಲವಂತೆ. ನನ್ನನ್ನು ಗೋಳು ಹುಯ್ದುಕೊಳ್ಳಲೆಂದೇ ನೀನು ಪಟ್ಟಿಗೆ ಸೇರಿಸಿದ ಏಳನೇ ನಂಬರು, ಫ್ಯಾನಿನ ರೆಕ್ಕೆ ಒರೆಸುವುದು, ಅದನ್ನೂ ಬಿಡಲಿಲ್ಲವಂತೆ. ಇಂಥವಳನ್ನು ಬಿಟ್ಟು ಎರಡು ವರ್ಷ ಹೇಗಿರಲಿ ಎಂದು ಕೇಳಿದ್ದೀಯ.

ಲಿಫ್ಟಪ್ಪಾ, ನಾನು ಮಾಡುತ್ತಿದ್ದದ್ದೂ ಆರೇ.

ನಿನಗೆ ಕೋಪ ಬರುವ ಮೊದಲು ಹಳೆಯದನ್ನೊಮ್ಮೆ ನೆನೆಸಿಕೋ. ಕಳೆದ ವರ್ಷ ನಾವು ಬಚ್ಚಲ ಜಾಲರಿಗೆ ಸಿಕ್ಕಿಕೊಂಡ ಕೂದಲಿಗಾಗಿ ಹೇಗೆ ಕಿತ್ತಾಡಿದೆವು! ಇದು ನಿಂದೇ, ಉದ್ದ ನೋಡು, ಅಂತ ಆ ಕೂದಲಿನ ಮುದ್ದೆಯನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದವನು ನೀನು. ನಿನ್ನ ಗಿಡ್ಡ ಕೂದಲು ಕಣ್ಣಿಗೆ ಕಾಣಲ್ಲ ಅಷ್ಟೇ, ಉದುರೋದೇನು ಕಮ್ಮಿಯಾ, ಅಂತ ಜಾಲರಿಯನ್ನೇ ಬೀಸಿ ಒಗೆದವಳು ನಾನು. ನೀನು ಪೆಟ್ಟಿಗೆ ಹಿಡಿದು ನಿಮ್ಮಕ್ಕನ ಮನೆಗೆ ಹೋದೆ. ನಲವತ್ತೊಂದು ದಿನ. ಹೊಲಿಗೆ ಕಾರ್ಖಾನೆಯಲ್ಲಿ ಅರವತ್ತು ಜನರಿಂದ ಕೆಲಸ ತೆಗೆಸುವ ನಿಮ್ಮಕ್ಕ ಕೊನೆಗೆ ನಿನ್ನನ್ನು ಕರೆತಂದು ಬಿಟ್ಟು, ನಮಗಿಬ್ಬರಿಗೂ ಒಂದೇ ಕಟ್ಟಳೆ ಹಾಕಿದರು. ಮಾಡೋರು ಮಾಡಿ ಸುಮ್ನಿರಿ, ಯಾರು ಮಾಡಿದ್ದು ಅಂತ ಕೇಳಬೇಡಿ, ಯಾಕೆ ಮಾಡಿಲ್ಲ ಅಂತಲೂ ಕೇಳಬೇಡಿ, ಹೊಗಳಲೂ ಬೇಡಿ, ಹೊಗಳಿಕೆಯಿಂದಲೂ ಜಗಳ ಹುಟ್ಟುತ್ತೆ, ಅಂತ.

ನೀನೂ ಉತ್ಸಾಹದಲ್ಲಿ, ಕೆಡವಿದ ಯಾವುದೋ ಕಟ್ಟಡದ ಲಿಫ್ಟಿನಿಂದ ಹಿತ್ತಾಳೆಯ ಬಟನ್ ಫಲಕ ಬಿಚ್ಚಿ ತಂದು ಅಡುಗೆಮನೆಯ ಗೋಡೆಗೆ ಕೂರಿಸಿದೆ. ಒಂದರಿಂದ ಹದಿನೆಂಟರವರೆಗೆ ಬಟನ್ನು. ಒಂದೊಂದಕ್ಕೂ ಒಂದೊಂದು ಕೆಲಸ. ಮಾಡಿದವರು ಬಟನ್ ಒತ್ತಬೇಕು, ಹಳದಿ ದೀಪ ಹತ್ತಬೇಕು, ಭಾನುವಾರ ಬೆಳಗ್ಗೆ ಸ್ವಿಚ್ಚು ಆರಿಸಿ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕು. ಯಾರು ಒತ್ತಿದರೆಂಬ ಗುರುತು ಮಾತ್ರ ಉಳಿಯುವುದಿಲ್ಲ. ಎಲ್ಲಕ್ಕಿಂತ ಕೆಳಗೆ, ಅಂಕಿ ಸವೆದುಹೋದ ಇನ್ನೊಂದು ಬಟನ್ ಇತ್ತು. ಅದಕ್ಕೆ ತಂತಿಯನ್ನೇ ಜೋಡಿಸಿಲ್ಲ, ಅದು ಸುಮ್ಮನೆ ಅಲಂಕಾರಕ್ಕೆ ಎಂದು ನೀನು ಹೇಳಿದ್ದೆ.

ಎಷ್ಟು ಚೆನ್ನಾಗಿ ನಡೆಯಿತು ಅಲ್ಲವೇ? ನಾನು ಎಂಟಕ್ಕೆ ಹೊರಟು ಐದೂವರೆಗೆ ಬರುವವಳು, ನೀನು ಹೊತ್ತುಗೊತ್ತಿಲ್ಲದೆ ಹೋಗಿ ಬರುವವನು. ಯಾರು ಯಾವಾಗ ಏನು ಮಾಡುತ್ತಾರೆಂದು ಯಾರೂ ನೋಡುತ್ತಿರಲಿಲ್ಲ. ಶನಿವಾರ ಸಂಜೆಯೊಳಗೆ ಹದಿನೆಂಟೂ ದೀಪ ಹತ್ತಿರುತ್ತಿದ್ದವು. ಪಾಪ, ಹನ್ನೆರಡು ಅವನೇ ಮಾಡುತ್ತಿದ್ದಾನೆ ಎಂದು ನನಗೆ ಒಳಗೊಳಗೇ ನಾಚಿಕೆ. ಆ ನಾಚಿಕೆಗೆ ನಿನ್ನ ಅಂಗಿಗೆ ಇಸ್ತ್ರಿ ಹಾಕುವಾಗ ಕಾಲರನ್ನು ಎರಡೆರಡು ಸಲ ಒತ್ತುತ್ತಿದ್ದೆ. ನೀನು ನನಗೆಂದು ದಾರಿಯಲ್ಲಿ ಹಣ್ಣು ಕೊಂಡು ತರುತ್ತಿದ್ದೆ. ನಿನಗೂ ಅದೇ ನಾಚಿಕೆ ಇತ್ತೆಂದು ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು. ನೀನು ಆರು, ನಾನು ಆರು. ಮಿಕ್ಕ ಆರು ನಿನ್ನವೂ ಅಲ್ಲ, ನನ್ನವೂ ಅಲ್ಲ.

ನನಗೆ ಮೊದಲೇ ಅನುಮಾನ ಬಂದಿರಲಿಲ್ಲವೇ ಎಂದರೆ, ಬಂದಿತ್ತು. ಒಪ್ಪಿಕೊಳ್ಳುತ್ತೇನೆ. ಲ್ಯಾಬಿನ ನನ್ನ ಬಿಳಿ ಕೋಟಿನ ಮೇಲಿನ ಗುಂಡಿ ಕಿತ್ತುಹೋಗಿ, ಎರಡು ದಿನಕ್ಕೆ ಯಾರೋ ಹೊಲಿದಿಟ್ಟಿದ್ದರು. ಎಷ್ಟು ಸಣ್ಣ ಹೊಲಿಗೆ ಅಂದರೆ ಎಳೆ ಎಲ್ಲಿ ಹೊಕ್ಕಿದೆ, ಎಲ್ಲಿ ಹೊರಬಂದಿದೆ ಎಂದು ಗೊತ್ತಾಗುತ್ತಿರಲಿಲ್ಲ. ನೀನೋ, ಸೂಜಿಗೆ ದಾರ ಪೋಣಿಸು ಎಂದರೆ ಟಾರ್ಚು ಕೇಳುವವನು. ಆದರೂ ಅವನೇ ಕಲಿತಿರಬೇಕು ಎಂದುಕೊಂಡೆ. ನಿಮ್ಮಕ್ಕ ಬಂದಾಗ ತಲೆಯೆತ್ತಿ ಫ್ಯಾನು ನೋಡಿ, ಇಷ್ಟು ಸ್ವಚ್ಛವಾಗಿಡೋದು ನಿನ್ನಿಂದ ಮಾತ್ರ ಆಗೋದು ಕಣೇ, ಅಂದರು. ನಾನು ಅಲ್ಲ ಎನ್ನಲಿಲ್ಲ. ಸುಮ್ಮನೆ ನಕ್ಕೆ. ತಾನಾಗಿ ಬಂದ ಸುಖವನ್ನು ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು.

ನೀನು ಆಸ್ಪತ್ರೆಯ ಲಿಫ್ಟಿನ ಕೆಲಸಕ್ಕೆ ಆ ಊರಿಗೆ ಹೋದ ಮೊದಲ ವಾರ ನಾನು ಒಬ್ಬಳೇ ಅಲ್ಲವೇ, ಒಬ್ಬಳಿಗೆ ಒಂಬತ್ತು ಸಾಕು, ಉಳಿದದ್ದನ್ನು ನೀನು ಬಂದ ಮೇಲೆ ನೋಡೋಣ ಎಂದು ಒಂಬತ್ತು ಮಾಡಿ ಕೈ ತೊಳೆದುಕೊಂಡೆ. ಶನಿವಾರ ಸಂಜೆ ಲ್ಯಾಬಿನಿಂದ ಬಂದು ನೋಡಿದರೆ ಹದಿನೆಂಟೂ ದೀಪ ಉರಿಯುತ್ತಿವೆ. ಹೋಗಿ ಒಂದೊಂದೇ ಪರೀಕ್ಷಿಸಿದೆ. ಫ್ಯಾನಿನ ರೆಕ್ಕೆ, ಒಲೆಯ ಬರ್ನರಿನ ಅಡಿ, ಕಿಟಕಿಯ ಮೇಲಿನ ಗಾಜು, ಬಚ್ಚಲ ಜಾಲರಿ, ಎಲ್ಲ ಲಕಲಕ ಹೊಳೆಯುತ್ತಿತ್ತು. ನಮ್ಮಿಬ್ಬರೊಡನೆ ಮೂರನೆಯವರಾಗಿದ್ದಾಗ ಅವರ ಪಾಲು ಆರು, ನನ್ನೊಬ್ಬಳೊಡನೆ ಎರಡನೆಯವರಾದಾಗ ಒಂಬತ್ತು. ನ್ಯಾಯವೆಂದರೆ ಇದೇ ತಾನೇ.

ಮೊದಲು ಕೆಳಮನೆಯ ಅಜ್ಜಿಯ ಮೇಲೆ ಅನುಮಾನ. ಅವರ ಬಳಿ ಒಂದು ಕೀಲಿಕೈ ಇದೆಯಲ್ಲ. ಉಪಾಯವಾಗಿ ಕೇಳಿದೆ. ನನ್ನ ಮಂಡಿ ನೋಡಿ ಮಾತಾಡಮ್ಮ, ನಿಮ್ಮ ಮೆಟ್ಟಿಲು ಹತ್ತಿ ನಾಲ್ಕು ವರ್ಷ ಆಯ್ತು, ಅಂದರು. ಆಮೇಲೆ, ಹಗಲು ಹೊತ್ತು ನೀನು ಮನೇಲೇ ಇರ್ತೀಯಲ್ಲ ಈಗ, ಓಡಾಡೋ ಸದ್ದು ಕೇಳಿಸುತ್ತೆ, ಒಳ್ಳೇದಾಯ್ತು ಬಿಡು, ಅಂದರು. ಹೌದಜ್ಜೀ ಎಂದು ಹೇಳಿ ಮೇಲೆ ಬಂದೆ. ಮಾರನೆಯ ದಿನವೇ ಬೀಗ ಬದಲಾಯಿಸಿದೆ. ಎರಡು ಕೀಲಿಕೈ, ಎರಡೂ ನನ್ನ ಚೀಲದಲ್ಲೇ ಇವೆ.

ಬೀಗ ಬದಲಾಯಿಸಿದ್ದರಿಂದ ಒಂದು ಕೆಲಸವೂ ನಿಲ್ಲಲಿಲ್ಲ. ಹಾಗಾಗಿ ಒಂದು ಬೆಳಗ್ಗೆ ಹೊರಡುವಾಗ, ಹಲ್ಲಿನ ಅಚ್ಚು ಹೊಯ್ಯುವ ಪ್ಲಾಸ್ಟರ್ ಪುಡಿಯನ್ನು ಬಾಗಿಲಿಂದ ಅಡುಗೆಮನೆಯವರೆಗೆ ತೆಳ್ಳಗೆ ಉದುರಿಸಿ ಹೋದೆ. ಹೆಜ್ಜೆ ಮೂಡಲೇಬೇಕು ಅಂತ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ ಅನ್ನು. ಸಂಜೆ ಬಂದರೆ ನೆಲ ಕನ್ನಡಿ. ಪುಡಿಯೆಲ್ಲ ಗುಡಿಸಿ, ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟಿತ್ತು. ಗೋಡೆಯಲ್ಲಿ ಮೂರನೇ ನಂಬರು ಉರಿಯುತ್ತಿತ್ತು. ಕಸ ಗುಡಿಸುವುದು.

ಈಗ ನಾನು ಹೇಳುವುದನ್ನು ಕೂತುಕೊಂಡು ಓದು. ನಮ್ಮ ಪಾತ್ರೆ ಸ್ಟ್ಯಾಂಡಿನಲ್ಲಿ ದಿನಾ ಮೂರು ತಟ್ಟೆ, ಮೂರು ಲೋಟ ತೊಳೆದು ಬೋರಲು ಹಾಕಿರುತ್ತಿತ್ತು. ನೀನು ಮಧ್ಯಾಹ್ನ ಬಂದು ಇನ್ನೊಮ್ಮೆ ಉಣ್ಣುತ್ತೀಯೆಂದು ನಾನು ತಿಳಿದಿದ್ದೆ. ನೀನು ನನ್ನ ಬಗ್ಗೆ ಹಾಗೆಯೇ ತಿಳಿದಿರಬಹುದು. ನೀನು ಹೋದ ಮೇಲೆ ತಟ್ಟೆ ಎರಡಾದವು. ಒಂದು ಶುಕ್ರವಾರ ಎರಡನೆಯ ತಟ್ಟೆಯಲ್ಲಿ ಒಂದು ಸೇಬು ಇಟ್ಟು ಲ್ಯಾಬಿಗೆ ಹೋದೆ. ಬಂದಾಗ ಅದನ್ನು ಒಂದೇ ಒಂದು ಸಲ ಕಚ್ಚಿ ಬಿಟ್ಟಿತ್ತು.

ಹದಿನಾಲ್ಕು ವರ್ಷದಿಂದ ಊರಿನ ಬೊಚ್ಚು ಬಾಯಿಗಳಿಗೆ ಹಲ್ಲು ಕಟ್ಟುತ್ತಿರುವವಳು ನಾನು. ನಿನ್ನ ಎಡಗಡೆಯ ಮೇಲಿನ ಕೋರೆಹಲ್ಲು ಸ್ವಲ್ಪ ತಿರುಗಿದೆ, ನನ್ನ ಮುಂದಿನ ಹಲ್ಲಿನ ಮೂಲೆ ಚಿಕ್ಕಂದಿನಲ್ಲೇ ಮುರಿದಿದೆ. ಹಣ್ಣಿನ ಮೇಲೆ ಯಾರ ಕಚ್ಚು ಬಿದ್ದರೂ ನನಗೆ ಮುಖ ನೋಡಿದಷ್ಟೇ ಗುರುತು ಸಿಗುತ್ತದೆ. ಅದು ನಮ್ಮಿಬ್ಬರದೂ ಅಲ್ಲ. ಸೇಬನ್ನು ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಒಯ್ದು, ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ದೆ. ಮೇಲೆ ಆರು, ಕೆಳಗೆ ಆರು ಹಲ್ಲು, ಒಂದರಷ್ಟೇ ಇನ್ನೊಂದು. ನಮ್ಮ ಲ್ಯಾಬಿನ ಮೇಷ್ಟ್ರು ಅದನ್ನು ಕೈಗೆತ್ತಿಕೊಂಡು, ಯಾರ ಹಲ್ಲಿನ ಸೆಟ್ಟು ಅಮ್ಮಾ ಇದು, ಇನ್ನೂ ಬಾಯಿಗೇ ಹಾಕಿಲ್ವಲ್ಲ, ಒಂದು ತುತ್ತೂ ಅಗಿದಿರದ ಹಲ್ಲು, ಅಂದರು. ಹೌದು ಸಾರ್ ಹೊಸದು ಎಂದೆ. ಅವತ್ತು ಮನೆಯ ಬಾಗಿಲು ತೆಗೆಯುವ ಮುನ್ನ ಮೆಟ್ಟಿಲ ಮೇಲೆ ಒಂದು ತಾಸು ಕೂತಿದ್ದೆ. ನನಗೆ ಹೆದರಿಕೆಯಾಗಿತ್ತು, ಲಿಫ್ಟಪ್ಪಾ. ನಿನ್ನ ಹೆಸರು ಹಿಡಿದು ಕರೆಯಬೇಕೆನಿಸಿತು.

ಆಮೇಲೆ ನಾನು ತಪ್ಪು ಮಾಡಿದೆ. ಮೊನ್ನೆ ಬುಧವಾರ ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ, ಖಾಲಿ ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೇಳಿಬಿಟ್ಟೆ. ಯಾರದು, ನಮ್ಮ ಮನೇಲಿ ನಿಂಗೇನು ಕೆಲಸ, ಅಂತ. ನಿಮ್ಮಕ್ಕನ ಕಟ್ಟಳೆ ಮುರಿದವಳು ಮೊದಲು ನಾನೇ.

ಸಂಜೆ ಬಂದಾಗ ಫಲಕದಲ್ಲಿ ಒಂದು ದೀಪವೂ ಇರಲಿಲ್ಲ, ಬೆಳಗ್ಗೆ ಹನ್ನೊಂದು ಉರಿಯುತ್ತಿದ್ದವು. ಊಟದ ಮೇಜಿನ ಮೇಲೆ ಪತ್ರಿಕೆಯ ಹಾಳೆ ಹಾಸಿ, ಅದರ ಮೇಲೆ ಎರಡು ಕಟ್ಟು ಕೂದಲು ಇಟ್ಟಿತ್ತು. ತೊಳೆದು, ಒಣಗಿಸಿ, ಸಿಕ್ಕು ಬಿಡಿಸಿ, ಬಾಚಿದ ಕೂದಲು. ಒಂದು ಕಟ್ಟು ಉದ್ದ, ಒಂದು ಗಿಡ್ಡ. ನನ್ನದು, ನಿನ್ನದು. ಎಂಟು ತಿಂಗಳು ಬಚ್ಚಲ ಜಾಲರಿಯಲ್ಲಿ ಸಿಕ್ಕ ಅಷ್ಟೂ ಕೂದಲು ಇರಬೇಕು, ಉದ್ದದ ಕಟ್ಟು ನನ್ನ ಮಣಿಕಟ್ಟಿನಷ್ಟು ದಪ್ಪ ಇತ್ತು. ಕಟ್ಟಿದ್ದು ಬಿಳಿ ದಾರದಿಂದ. ಕೋಟು ನೋಡಿಕೊಂಡೆ, ಮೇಲಿನ ಗುಂಡಿ ಇರಲಿಲ್ಲ. ಮೈಮೇಲೇ ಇದ್ದ ಕೋಟು ಅದು, ಯಾವಾಗ ಬಿಚ್ಚಿತೋ ಗೊತ್ತಿಲ್ಲ. ಗುಂಡಿ ಎರಡು ಕಟ್ಟುಗಳ ನಡುವೆ ಕೂತಿತ್ತು. ಮೂರನೆಯ ಕಟ್ಟು ಇರಲಿಲ್ಲ.

ಕುರ್ಚಿ ಎಳೆದುಕೊಂಡು ಕೂತು ಎರಡೂ ಕಟ್ಟುಗಳನ್ನು ಕೈಗೆತ್ತಿಕೊಂಡು ನೋಡಿದೆ. ಆಮೇಲೆ ಹೊಳೆಯಿತು. ಇದು ನಮ್ಮಿಂದಲೇ ಕಲಿತದ್ದು. ಈ ಮನೆಯಲ್ಲಿ ಯಾರು ಎಂದು ಯಾರಾದರೂ ಕೇಳಿದರೆ, ಜಾಲರಿಯ ಕೂದಲನ್ನು ಎತ್ತಿ ಅವರ ಮೂಗಿನ ಮುಂದೆ ಹಿಡಿಯಬೇಕು. ಅಷ್ಟನ್ನೇ ತಾನೇ ಅದು ಇಲ್ಲಿ ನೋಡಿದ್ದು.

ಮಾತಿನಲ್ಲಿ ತಪ್ಪಾಯ್ತು ಎಂದರೆ ಅದೂ ಮಾತೇ ಆಗುತ್ತದೆಂದು ಬಾಯಿ ತೆರೆಯಲಿಲ್ಲ. ಗುರುವಾರ ಬೆಳಗ್ಗೆ ಬೇಗ ಎದ್ದು, ಸ್ಟೂಲಿನ ಮೇಲೆ ಹತ್ತಿ ಫ್ಯಾನಿನ ರೆಕ್ಕೆ ಒರೆಸಿದೆ. ಜಾಲರಿ ತೆಗೆದು ತೊಳೆದೆ. ಅದರ ಪಾಲಿನ ಎರಡು ಕೆಲಸ ನಾನು ಮಾಡಿ, ಎರಡು ಬಟನ್ ಒತ್ತಿ, ಲ್ಯಾಬಿಗೆ ಹೋದೆ. ಸಂಜೆ ಬಂದಾಗ ಹನ್ನೊಂದು ದೀಪವೂ ಮತ್ತೆ ಹತ್ತಿದ್ದವು, ಕೂದಲು ಮೇಜಿನ ಮೇಲಿರಲಿಲ್ಲ, ಕೋಟಿಗೆ ಗುಂಡಿ ಬಂದಿತ್ತು. ಬಾಗಿಲ ಕೆಳಗೆ ಅಂಚೆಯವನು ತೂರಿಸಿಹೋಗಿದ್ದ ನಿನ್ನ ಕಾಗದವನ್ನು ಎತ್ತಿ, ಒರೆಸಿ, ಫಲಕದ ಕೆಳಗೆ ನೆಟ್ಟಗೆ ನಿಲ್ಲಿಸಿತ್ತು. ಅಂಕಿಯಿಲ್ಲದ ಆ ಬಟನ್ನೂ ಉರಿಯುತ್ತಿತ್ತು. ತಂತಿಯೇ ಇಲ್ಲ ಎಂದಿದ್ದೆಯಲ್ಲ, ಅದು. ಇವತ್ತು ಬೆಳಗ್ಗೆ ಸ್ವಿಚ್ಚು ಆರಿಸಿದೆ. ಹದಿನೆಂಟು ಆರಿದವು, ಅದು ಆರಲಿಲ್ಲ. ನಾನು ಇದನ್ನು ಬರೆಯುತ್ತಿರುವಾಗಲೂ ಉರಿಯುತ್ತಲೇ ಇದೆ. ಅದು ಯಾವ ಕೆಲಸ ಅಂತ ನನಗೆ ತಿಳಿಯದು. ಮಾಡಿ ಮುಗಿಸಿದ್ದೋ, ನಾನು ಮಾಡಬೇಕಾದದ್ದೋ ಅದೂ ತಿಳಿಯದು.

ನಿನಗೆ ನಗು ಬರಬಹುದು, ಅಥವಾ ಇವಳಿಗೆ ತಲೆ ಕೆಟ್ಟಿದೆ ಅನ್ನಿಸಬಹುದು. ಅದಕ್ಕಿಂತ ದೊಡ್ಡ ಭಯ ನನಗೆ ಬೇರೆ ಇದೆ. ನೀನು ವಾಪಸು ಬರಲು ಹೊರಟಿರುವುದು ಹನ್ನೆರಡು ಕೆಲಸ ಸದ್ದಿಲ್ಲದೆ ಮಾಡಿದವಳ ಬಳಿಗೆ. ಅವಳು ನಾನಲ್ಲ. ನಾನು ಆರು ಮಾಡಿ, ಅವನು ಹನ್ನೆರಡು ಮಾಡಿದರೆ ಮಾಡಲಿ ಬಿಡು ಎಂದು ಹಾಯಾಗಿದ್ದವಳು. ಇದು ಗೊತ್ತಾದರೆ ನೀನು ಆ ಊರಿನಲ್ಲೇ ಎರಡು ವರ್ಷ ಇದ್ದುಬಿಡುತ್ತೀಯೇನೋ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈ ನಾಲ್ಕು ದಿನದಲ್ಲಿ ನನಗೆ ಇದು ಒಗ್ಗುತ್ತಿದೆ. ತನ್ನ ಪಾಲು ಮಾಡುತ್ತದೆ, ನನ್ನ ಪಾಲು ಬಿಡುತ್ತದೆ. ಕೇಳುವುದಿಲ್ಲ, ಬೈಯುವುದಿಲ್ಲ. ನಿನ್ನೆ ನಾನು ಪಾತ್ರೆ ಒರೆಸುವಾಗ, ಇಷ್ಟು ನೆಮ್ಮದಿ ಲಿಫ್ಟಪ್ಪನ ಜೊತೆ ಎಂದಾದರೂ ಇತ್ತೇ ಎಂದು ಯೋಚಿಸಿದೆ. ಯೋಚಿಸಿ, ನನ್ನ ಮೇಲೆ ನನಗೇ ಅಸಹ್ಯವಾಯಿತು. ಎಂಟು ತಿಂಗಳು ನಾವು ಜಗಳವಾಡಲಿಲ್ಲ, ನಿಜ. ಮಾತೂ ಆಡಲಿಲ್ಲ. ಈ ಫ್ಯಾನು ಯಾರು ಒರೆಸಿದ್ದು ಎಂದು ಒಬ್ಬರು ಒಂದೇ ಒಂದು ಸಲ ಕೇಳಿದ್ದರೆ, ನಾನಲ್ಲಪ್ಪ ಎಂದು ಇನ್ನೊಬ್ಬರು ಹೇಳುತ್ತಿದ್ದರು. ಗಂಡ ಹೆಂಡತಿ ಅಷ್ಟನ್ನೂ ಕೇಳಿಕೊಳ್ಳದೆ ಖಾಲಿ ಬಿಟ್ಟ ಜಾಗದಲ್ಲಿ ಇದು ಬಂದು ಕೂತಿದೆ.

ನೀನು ಬಾ. ಬಂದ ಮೇಲೆ ಭಾನುವಾರ ಬೆಳಗ್ಗೆ ಇಬ್ಬರೂ ಈ ಮೇಜಿನ ಮುಂದೆ ಕೂತು, ಬಾಯಿಬಿಟ್ಟು ಪಾಲು ಮಾಡಿಕೊಳ್ಳೋಣ. ಇದು ನನ್ನ ಕೈಲಾಗುತ್ತೆ, ಇದು ಆಗಲ್ಲ, ಈ ವಾರ ನಂಗೆ ಸುಸ್ತು, ನೀನು ನೋಡ್ಕೋ ಅಂತ ಹೇಳಿಕೊಳ್ಳೋಣ. ಮಾಡಿದ್ದನ್ನು ಮಾಡಿದೆ ಎನ್ನೋಣ, ಮರೆತದ್ದನ್ನು ಮರೆತೆ ಎನ್ನೋಣ. ಯಾರೂ ಕೂದಲು ಎತ್ತಿ ತೋರಿಸುವುದು ಬೇಡ. ಮಾತಾಡುವವರ ಮನೆಯಲ್ಲಿ ಇದಕ್ಕೆ ಕೆಲಸ ಉಳಿಯಲಾರದು ಅಂತ ನನಗೊಂದು ನಂಬಿಕೆ. ಫ್ಯಾನಿನ ರೆಕ್ಕೆ ಮಾತ್ರ ನೀನೇ ಒರೆಸಬೇಕು, ಪಟ್ಟಿಗೆ ಸೇರಿಸಿದವನು ನೀನು.

ಮೂಗಿಗೆ ಬಟ್ಟೆ ಕಟ್ಟಿಕೋ.

ವಾರಕ್ಕೆ ಆರೇ ಕೆಲಸ ಮಾಡಿದ, ಆದರೂ ನಿನ್ನವಳೇ ಆದ,
ಹಲ್ಲುರಾಣಿ

ಮರೆತ ಮಾತು: ಮಧ್ಯಾಹ್ನ ಊಟ ಮಾಡಿ ಬಂದು ಇದನ್ನೆಲ್ಲ ಮತ್ತೊಮ್ಮೆ ಓದಿದೆ. ಕಳಿಸುವಷ್ಟು ಧೈರ್ಯ ನನಗಿಲ್ಲ. ನಾಲ್ಕು ಸಾಲಿನ ಬೇರೆ ಕಾಗದ ಬರೆದಿದ್ದೇನೆ. ಹೌದು, ಫ್ಯಾನು ಒರೆಸಿದ್ದು ನಾನೇ, ಬೇಗ ಬಾ, ಅಂತ. ಅದಕ್ಕೆ ಲಕೋಟೆ, ಅಂಚೆಚೀಟಿ ಎಲ್ಲ ಲ್ಯಾಬಿನ ಹತ್ತಿರವೇ ಕೊಳ್ಳಬೇಕು, ಮನೆಯಲ್ಲಿ ಒಂದೂ ಇಲ್ಲ. ನಾಳೆ ಬೆಳಗ್ಗೆ ಹೋಗುವಾಗ ಅದನ್ನು ಹಾಕುತ್ತೇನೆ. ಈ ಉದ್ದನೆಯದನ್ನು ನಾಲ್ಕು ಮಡಿಕೆ ಮಡಿಸಿ, ಚಮಚದ ಡ್ರಾಯರಿನ ತಳದಲ್ಲಿ ಹಾಸಿದ ಕಾಗದದ ಕೆಳಗೆ ಇಟ್ಟುಬಿಡುತ್ತೇನೆ. ಕೆಳಗಿನ ಬಟನ್ನು ಇನ್ನೂ ಉರಿಯುತ್ತಿದೆ, ಕಣ್ಣಿಗೆ ಚುಚ್ಚಬಾರದೆಂದು ಅದರ ಮೇಲೆ ಒರೆಸುವ ಬಟ್ಟೆ ಇಳಿಬಿಟ್ಟಿದ್ದೇನೆ. ಹಾಗೊಂದು ವೇಳೆ ಈ ಕಾಗದ ನಿನ್ನ ಕೈಗೆ ಬಂದು, ನೀನಿದನ್ನು ಓದುತ್ತಿದ್ದರೆ, ಅಂಚೆಗೆ ಹಾಕಿದ್ದು ನಾನಲ್ಲ.